ತಿಂಡಿ ಆದ ಮೇಲಿನ ಕಾಫಿ: ಲೋಟದಲ್ಲಿರುವುದು ಮೈಯಲ್ಲಿ ಏನು ಮಾಡುತ್ತದೆ?

2024ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೇರಿ ಭಾರತೀಯರ ಆಹಾರದ ಬಗ್ಗೆ 17 ಮಾರ್ಗಸೂಚಿಗಳನ್ನು ಹೊರತಂದವು. ಎಣ್ಣೆ, ಉಪ್ಪು, ಸಕ್ಕರೆ, ಪ್ರೋಟೀನ್ ಪುಡಿ ಎಲ್ಲದರ ಬಗ್ಗೆಯೂ ಅದರಲ್ಲಿ ಮಾತಿತ್ತು. ಜನ ಹಿಡಿದುಕೊಂಡು ಚರ್ಚೆ ಮಾಡಿದ್ದು ಮಾತ್ರ ಕಾಫಿ, ಚಹಾ ವಿಷಯವನ್ನೇ. ಕಾಫಿ ಬಿಡಿ ಅಂತ ಸರ್ಕಾರವೇ ಹೇಳಿಬಿಟ್ಟಿದೆ ಅನ್ನುವ ಹಾಗೆ ಸುದ್ದಿ ಹಬ್ಬಿತು.

ಬಿಡಿ ಅಂತ ಅದರಲ್ಲಿ ಇರಲಿಲ್ಲ. ಇದ್ದದ್ದು ಮುಖ್ಯವಾಗಿ ಎರಡು ಮಾತು. ಒಂದು, ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಬೇಡ. ಎರಡು, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಮೇಲೆ ಒಂದು ಗಂಟೆ ಕಾಫಿ, ಚಹಾ ಕುಡಿಯಬೇಡಿ. ಮೊದಲನೇ ಮಾತು ಎಲ್ಲರಿಗೂ ನೆನಪಿದೆ. ಎರಡನೆಯದನ್ನು ಹೆಚ್ಚಿನವರು ಮರೆತೇಬಿಟ್ಟರು. ನಮ್ಮ ಕರ್ನಾಟಕದ ಮಟ್ಟಿಗೆ ನೋಡಿದರೆ ಎರಡನೆಯದೇ ಹೆಚ್ಚು ಮುಖ್ಯ. ಎಷ್ಟು ಕುಡಿಯುತ್ತೇವೆ ಅನ್ನುವುದಕ್ಕಿಂತ ಯಾವಾಗ ಕುಡಿಯುತ್ತೇವೆ, ಯಾರು ಕುಡಿಯುತ್ತಾರೆ ಅನ್ನುವುದರಲ್ಲಿ ನಮ್ಮ ತೊಂದರೆ ಇದೆ.

ಮೊದಲು ಲೋಟದಲ್ಲಿ ಏನಿದೆ ನೋಡೋಣ. ಕಾಫಿಯಲ್ಲಿ ಕೆಫೀನ್ ಇದೆ ಅಂತ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಕ್ಲೋರೊಜೆನಿಕ್ ಆಮ್ಲಗಳಿವೆ, ಕೆಫೆಸ್ಟಾಲ್, ಕಾವಿಯಾಲ್ ಎಂಬ ಎಣ್ಣೆಯಂಥ ವಸ್ತುಗಳಿವೆ, ಬೀಜ ಹುರಿಯುವಾಗ ಹುಟ್ಟುವ ನೂರಾರು ಸಂಯುಕ್ತಗಳಿವೆ. ಚಹಾದಲ್ಲಿ ಕೆಫೀನ್ ಜೊತೆಗೆ ಕ್ಯಾಟೆಚಿನ್, ಥಿಯಾಫ್ಲೇವಿನ್, ಥಿಯಾನಿನ್ ಇವೆ. ನಾಲಿಗೆಗೆ ಒಗರು ಅನ್ನಿಸುವುದು ಇವುಗಳಲ್ಲಿ ಪಾಲಿಫಿನಾಲ್ ಎಂಬ ಗುಂಪಿಗೆ ಸೇರಿದವು. ಟ್ಯಾನಿನ್ ಅಂತ ನಾವು ಸಾಮಾನ್ಯವಾಗಿ ಕರೆಯುವುದು ಇವನ್ನೇ. ಪ್ರತಿಯೊಂದೂ ಮೈಯಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೇ ಕಾಫಿ ಒಳ್ಳೆಯದಾ ಕೆಟ್ಟದ್ದಾ ಅಂತ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ಕೆಫೀನ್ ಲೆಕ್ಕಕ್ಕೆ ಬಂದರೆ, ಅದೇ ಮಾರ್ಗಸೂಚಿಯ ಪ್ರಕಾರ 150 ಮಿಲಿ ಲೀಟರಿನ ಒಂದು ಕಪ್ ಡಿಕಾಕ್ಷನ್ ತೆಗೆದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ ತೊಂದರೆಯಿಲ್ಲ, ಗರ್ಭಿಣಿಯರಿಗೆ 200 ಅಂತ ಹೇಳಿತ್ತು. ನಮ್ಮ ದರ್ಶಿನಿ ಲೋಟ ಚಿಕ್ಕದು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹಾಲೇ. ಹಾಗಾಗಿ ದಿನಕ್ಕೆ ಎರಡು ಮೂರು ಲೋಟ ಕುಡಿಯುವವರು ಈ ಮಿತಿಯ ಬಗ್ಗೆ ಗಾಬರಿಯಾಗಬೇಕಿಲ್ಲ.

ಆದರೆ ಪುಡಿ ಯಾವುದು ಅನ್ನುವುದು ಮುಖ್ಯ. ಅರೇಬಿಕಾ ಬೀಜದಲ್ಲಿ ತೂಕದ ಸುಮಾರು ಶೇ. 1.2ರಷ್ಟು ಕೆಫೀನ್ ಇದ್ದರೆ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಎರಡೂ ಬೆಳೆಯುತ್ತವೆ. ದೇಶದ ಒಟ್ಟು ಬೆಳೆಯಲ್ಲಿ ರೊಬಸ್ಟಾದ್ದೇ ದೊಡ್ಡ ಪಾಲು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡುತ್ತಾರೆ. ನಿಯಮದ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಬೇಕು. ಅಂದರೆ ಅರ್ಧದಷ್ಟು ಚಿಕೋರಿ ಇರುವ ಪುಡಿಯೂ ಕಾನೂನುಬದ್ಧವೇ. ಚಿಕೋರಿ ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಮಂದತನ ಕೊಡುತ್ತದೆ. ಕಪ್ಪಗೆ ಮಂದವಾಗಿದೆ, ಭಾರಿ ಸ್ಟ್ರಾಂಗ್ ಅಂದುಕೊಂಡು ಕುಡಿದ ಕಾಫಿಯಲ್ಲಿ ಕೆಫೀನ್ ಕಡಿಮೆಯೇ ಇರಬಹುದು. ತಿಳಿಯಾಗಿ ಕಾಣುವ ಅಪ್ಪಟ ರೊಬಸ್ಟಾ ಕಾಫಿ ರಾತ್ರಿಯಿಡೀ ಎಚ್ಚರವಾಗಿಡಬಹುದು.

ಈಗ ಕಬ್ಬಿಣಾಂಶದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ಹೆಚ್ಚುಕಡಿಮೆ ಇಬ್ಬರು ಹೆಂಗಸರಲ್ಲಿ ಒಬ್ಬರು, ಮೂರು ಮಕ್ಕಳಲ್ಲಿ ಇಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು, ಓದಿನಲ್ಲಿ ಗಮನವಿಲ್ಲ, ಹೆರಿಗೆಯಲ್ಲಿ ಅಪಾಯ. ಇದಕ್ಕೆಲ್ಲ ಕಾಫಿ, ಚಹಾವೇ ಕಾರಣ ಅಲ್ಲ. ಊಟದಲ್ಲೇ ಕಬ್ಬಿಣಾಂಶ ಸಾಲದಿರುವುದು, ಜಂತುಹುಳು, ಮುಟ್ಟಿನಲ್ಲಿ ಹೋಗುವ ರಕ್ತ, ಒಂದರ ಹಿಂದೆ ಒಂದು ಹೆರಿಗೆ, ಹೀಗೆ ಕಾರಣ ಹಲವು. ಆದರೆ ಇರುವ ಅಲ್ಪಸ್ವಲ್ಪವೂ ಮೈಗೆ ಹತ್ತದಂತೆ ಮಾಡುವುದರಲ್ಲಿ ನಮ್ಮ ಲೋಟದ ಪಾಲು ಸಣ್ಣದಲ್ಲ.

ಆಹಾರದಲ್ಲಿ ಕಬ್ಬಿಣಾಂಶ ಎರಡು ರೂಪದಲ್ಲಿ ಬರುತ್ತದೆ. ಮಾಂಸ, ಮೀನಿನಲ್ಲಿರುವ ಕಬ್ಬಿಣಾಂಶದ ಒಂದು ಭಾಗ ರಕ್ತ, ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಹೀಮ್‌ಗೆ ಅಂಟಿಕೊಂಡೇ ಇರುತ್ತದೆ, ಅದನ್ನು ಕರುಳು ಸುಲಭವಾಗಿ ಹೀರುತ್ತದೆ. ಸೊಪ್ಪು, ಕಾಳು, ರಾಗಿ, ಬೆಲ್ಲದಲ್ಲಿರುವುದು ಬೇರೆ ರೂಪ. ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಚಹಾ, ಕಾಫಿಯ ಪಾಲಿಫಿನಾಲ್‌ಗಳು ಈ ಎರಡನೇ ರೂಪದ ಕಬ್ಬಿಣವನ್ನು ಹೊಟ್ಟೆ, ಕರುಳಿನಲ್ಲೇ ಹಿಡಿದು ಕಟ್ಟಿಹಾಕುತ್ತವೆ. ಹಾಗೆ ಕಟ್ಟಿಹಾಕಿದ್ದು ಕರಗುವುದಿಲ್ಲ. ಕರಗದ್ದನ್ನು ಕರುಳು ಹೀರುವುದಿಲ್ಲ. ಮಲದಲ್ಲಿ ಹೋಗಿಬಿಡುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಹಾಲು ಹಾಕದ ಗಟ್ಟಿ ಚಹಾವನ್ನು ಒಂದು ಗಾಜಿನ ಲೋಟದಲ್ಲಿ ತೆಗೆದುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯೊಂದನ್ನು ಜಜ್ಜಿ, ಒಳಗಿನ ಪುಡಿಯನ್ನು ಅದಕ್ಕೆ ಹಾಕಿ ಕಲಕಿ. ಕೆಂಪಗಿದ್ದ ಚಹಾ ಮಸಿಯ ಬಣ್ಣಕ್ಕೆ ತಿರುಗುತ್ತದೆ. ಅದು ನಿಜಕ್ಕೂ ಮಸಿಯೇ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೇ ಹೀಗೆ: ಅಳಲೆಕಾಯಿಯಂಥ ಒಗರು ಕಾಯಿಯ ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ ಸೇರಿಸುತ್ತಿದ್ದರು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ತಿಂಡಿ ತಿಂದು ಬಿಸಿಬಿಸಿ ಚಹಾ ಕುಡಿದಾಗ ಹೊಟ್ಟೆಯೊಳಗೂ ಇದೇ ರಸಾಯನ ನಡೆಯುತ್ತದೆ.

ವಿಜ್ಞಾನಿಗಳು ಇದನ್ನು ಅಳೆದು ನೋಡಿ ಸುಮಾರು ಐವತ್ತು ವರ್ಷವಾಯಿತು. 1975ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಬ್ರೆಡ್, ಅನ್ನದ ಊಟ ಎಲ್ಲದರ ಜೊತೆ ಚಹಾ ಕೊಟ್ಟು ನೋಡಿದರು. ಕಬ್ಬಿಣಾಂಶ ಹೀರುವುದು ಚೆನ್ನಾಗಿ ಇಳಿದಿತ್ತು. ಊಟದಲ್ಲಿ ಹೆಚ್ಚಿನ ಪಾಲು ಸಸ್ಯಾಹಾರವೇ ಆಗಿದ್ದರೆ ಚಹಾ ಕುಡಿಯುವ ಅಭ್ಯಾಸವೂ ಕಬ್ಬಿಣದ ಕೊರತೆಗೆ ಕಾರಣವಾಗಬಹುದು ಅಂತ ಅವರು ಆಗಲೇ ಬರೆದಿದ್ದರು. 1983ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಕಬ್ಬಿಣ ಹೀರುವುದು ಶೇ. 39ರಷ್ಟು, ಚಹಾ ಕುಡಿದರೆ ಶೇ. 64ರಷ್ಟು ಕಡಿಮೆಯಾಯಿತು. 1999ರ ಇನ್ನೊಂದು ಅಧ್ಯಯನದಲ್ಲಿ ಬ್ರೆಡ್ ಜೊತೆ ಕುಡಿದ ಕರಿ ಚಹಾ ಇದನ್ನು ಶೇ. 79ರಿಂದ 94ರಷ್ಟು ತಗ್ಗಿಸಿತು. ಹಾಲು ಹಾಕಿದರೆ ಸರಿಹೋಗುತ್ತದಾ ಅಂತಲೂ ಅದರಲ್ಲಿ ನೋಡಿದರು. ಹಾಲಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

1983ರ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ. ನಮಗೆ ಬೇಕಾದದ್ದು ಅದೇ. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರುವುದು ಕಡಿಮೆಯಾಗಲೇ ಇಲ್ಲ. ಊಟವಾದ ಒಂದು ಗಂಟೆಗೆ ಕುಡಿದವರಲ್ಲಿ ಊಟದ ಜೊತೆಗೇ ಕುಡಿದಷ್ಟೇ ಕಡಿಮೆಯಾಯಿತು. ಯೋಚಿಸಿದರೆ ಸರಿಯೇ ಅಲ್ವಾ? ತಿಂದದ್ದು ಗಂಟೆಗಟ್ಟಲೆ ಹೊಟ್ಟೆಯಲ್ಲೇ ಇರುತ್ತದೆ, ಮೇಲಿಂದ ಸುರಿದದ್ದು ಅದರ ಜೊತೆ ಬೆರೆಯುತ್ತದೆ. ಮೊದಲೇ ಕುಡಿದ ಕಾಫಿ ಅಷ್ಟು ಹೊತ್ತಿಗೆ ಮುಂದೆ ಹೋಗಿರುತ್ತದೆ. 2017ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಮಾತ್ರ ಊಟವಾಗಿ ಒಂದು ಗಂಟೆ ಬಿಟ್ಟು ಚಹಾ ಕುಡಿದರೆ ನಷ್ಟ ಸುಮಾರು ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಇಳಿಯಿತು. ಹಾಗಾಗಿ ಊಟವಾದ ಮೇಲೆ ಒಂದು ಗಂಟೆ ಅನ್ನುವುದು ಕನಿಷ್ಠ ಲೆಕ್ಕ. ಎರಡು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಈಗ ನಮ್ಮ ದಿನಚರಿ ನೋಡಿ. ಬೆಳಗ್ಗೆ ಎದ್ದ ಕೂಡಲೇ ಕುಡಿಯುವ ಕಾಫಿಯ ಬಗ್ಗೆ ಎಲ್ಲರಿಗೂ ಅಳುಕು, ಖಾಲಿ ಹೊಟ್ಟೆಗೆ ಕುಡಿಯಬಾರದು ಅಂತ ಬುದ್ಧಿ ಹೇಳುತ್ತಾರೆ. ಕಬ್ಬಿಣದ ಮಟ್ಟಿಗೆ ಆ ಕಾಫಿಯಿಂದ ನಷ್ಟವೇ ಇಲ್ಲ. ನಷ್ಟವಾಗುವುದು ಇಡ್ಲಿ ಸಾಂಬಾರ್, ರೊಟ್ಟಿ ಪಲ್ಯ ಮುಗಿಸಿ ಕೈ ತೊಳೆಯುವ ಮೊದಲೇ ಬರುವ ಎರಡನೇ ಲೋಟದಿಂದ. ಹೋಟೆಲಿನಲ್ಲಿ ತಿಂಡಿ ತಿಂದ ಮೇಲೆ ಬೈಟು ಕಾಫಿ ಹೇಳದೆ ಎದ್ದರೆ ತಿಂಡಿಯೇ ಮುಗಿದಂತಲ್ಲ. ಉತ್ತರ ಕರ್ನಾಟಕದಲ್ಲಿ ಚುರುಮುರಿ, ಮಿರ್ಚಿ ಭಜಿ ಆದ ಮೇಲೆ ಚಹಾ ಬರಲೇಬೇಕು. ಮೆಂತ್ಯ ಸೊಪ್ಪು, ಹುರುಳಿಕಾಳು, ರಾಗಿ ಮುದ್ದೆಯ ಮೇಲೆ ಬಂದರೂ ನಷ್ಟವೇ.

ಇಲ್ಲಿ ಯಾರು ಕುಡಿಯುತ್ತಾರೆ ಅನ್ನುವುದನ್ನು ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಮೀನು ಮಾಂಸ ಚೆನ್ನಾಗಿ ತಿನ್ನುವ, ರಕ್ತದಲ್ಲಿ ಕಬ್ಬಿಣಾಂಶ ಸರಿಯಾಗಿರುವ ಗಂಡಸು ಊಟದ ಮೇಲೆ ಚಹಾ ಕುಡಿದರೆ ದೊಡ್ಡ ನಷ್ಟವೇನಿಲ್ಲ. ಮುಟ್ಟಾಗುವ ಹುಡುಗಿ, ಬಸುರಿ, ಬಾಣಂತಿ, ಬರೀ ಸಸ್ಯಾಹಾರ ತಿನ್ನುವವರು, ಚಿಕ್ಕ ಮಕ್ಕಳು, ಇವರಿಗೆ ಪ್ರತಿ ಮಿಲಿಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಕೂಲಿಗೆ ಹೋಗುವ ಎಷ್ಟೋ ಹೆಂಗಸರಿಗೆ ಚಹಾ ಅಂದರೆ ಹಸಿವು ಮುಂದೂಡುವ ದಾರಿ. ತುತ್ತು ಕಡಿಮೆ, ಚಹಾ ಜಾಸ್ತಿ, ಅದರಲ್ಲಿ ಸಕ್ಕರೆಯೇ ಶಕ್ತಿ. ಅವರಿಗೆ ಹೋಗಿ ಚಹಾ ಬಿಡಿ ಅನ್ನುವುದು ನ್ಯಾಯವಲ್ಲ. ಸಮಯ ಬದಲಿಸಿ ಅನ್ನಬಹುದು. ಬೆಳಗ್ಗೆ ಮಕ್ಕಳಿಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವ ಮನೆಗಳಿಗೆ ಮಾತ್ರ ಖಂಡಿತವಾಗಿ ಹೇಳಬೇಕು: ಐದು ವರ್ಷದೊಳಗಿನ ಮಗುವಿಗೆ ಚಹಾ ಬೇಡವೇ ಬೇಡ. ಹಾಲು ಕೊಡಿ, ರಾಗಿ ಅಂಬಲಿ ಕೊಡಿ.

ನಷ್ಟ ತುಂಬಿಸುವುದಕ್ಕೂ ದಾರಿ ಇದೆ, ಅದೂ ನಮ್ಮ ಅಡುಗೆಮನೆಯಲ್ಲೇ. ಸಿ ವಿಟಮಿನ್ ಸೊಪ್ಪು ಕಾಳುಗಳ ಕಬ್ಬಿಣವನ್ನು ಕರಗುವ ರೂಪದಲ್ಲಿ ಇಟ್ಟು ಹೀರಿಕೊಳ್ಳಲು ನೆರವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಸಾರಿಗೆ ಹಿಂಡುವ ನಿಂಬೆ, ಕೋಸಂಬರಿಗೆ ಹಿಂಡುವ ನಿಂಬೆ, ಊಟದ ಜೊತೆ ನೆಲ್ಲಿಕಾಯಿ, ಆಮೇಲೆ ಒಂದು ಸೀಬೆಹಣ್ಣು. ತಿಂಡಿ ಆದ ಮೇಲೆ ಕಾಫಿಯ ಬದಲು ಒಂದು ಸೀಬೆಹಣ್ಣು ತಿನ್ನಿ, ಕಾಫಿಯನ್ನು ಹನ್ನೊಂದು ಗಂಟೆಗೆ ಕುಡಿಯಿರಿ ಅಂತ ಯಾರಾದರೂ ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರೆ ಎಷ್ಟು ಚೆನ್ನ.

ಕೆಫೀನ್‌ನ ದಾರಿಯೇ ಬೇರೆ. ಅದು ಕೆಲಸ ಮಾಡುವುದು ಮಿದುಳಿನಲ್ಲಿ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ಅದು ಬಂದು ಕೂರಲೆಂದೇ ಮಿದುಳಿನ ಜೀವಕೋಶಗಳ ಮೇಲೆ ಗ್ರಾಹಕಗಳು ಎಂಬ ಜಾಗಗಳಿವೆ, ಅವುಗಳ ಮೇಲೆ ಕೂತಾಗ ನಮಗೆ ನಿದ್ದೆ ಬರುತ್ತದೆ. ಕೆಫೀನ್ ನೋಡಲು ಅಡೆನೊಸಿನ್ ಹಾಗೆಯೇ ಇರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅದು ಆ ಜಾಗ ಹಿಡಿದುಬಿಡುತ್ತದೆ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ಸೇರುತ್ತಲೇ ಇರುತ್ತದೆ. ಕೆಫೀನ್ ಇಳಿದ ಮೇಲೆ ಒಮ್ಮೆಲೇ ಆಯಾಸ ಬಂದು ಬೀಳುವುದು ಇದಕ್ಕೇ. ಕಾಫಿ ಶಕ್ತಿ ಕೊಡುವುದಿಲ್ಲ. ದಣಿವು ಗೊತ್ತಾಗದ ಹಾಗೆ ಮಾಡುತ್ತದೆ.

ಕುಡಿದ ಮುಕ್ಕಾಲು ಗಂಟೆಯೊಳಗೆ ಕೆಫೀನ್ ಹೆಚ್ಚುಕಡಿಮೆ ಎಲ್ಲ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಅರ್ಧ ಖಾಲಿಯಾಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಐದಕ್ಕೆ 100 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೆ 50, ನಡುರಾತ್ರಿ ಮೂರಕ್ಕೆ ಇನ್ನೂ 25 ಉಳಿದಿರುತ್ತದೆ. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. ನಾನು ರಾತ್ರಿ ಕಾಫಿ ಕುಡಿದೂ ಆರಾಮಾಗಿ ಮಲಗುತ್ತೇನೆ ಅನ್ನುವವರು ಇದ್ದಾರೆ. ಮಲಗುತ್ತಾರೆ, ನಿಜ. ಆಳವಾದ ನಿದ್ದೆ ಎಷ್ಟು ಬಂತು ಅಂತ ಮಲಗಿದವರಿಗೇ ಗೊತ್ತಾಗುವುದಿಲ್ಲ.

ಆದರೆ ಈ ಐದು ಗಂಟೆ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಕೆಫೀನನ್ನು ಒಡೆಯುವುದು ಲಿವರ್‌ನಲ್ಲಿರುವ ಸಿವೈಪಿ1ಎ2 ಎಂಬ ಕಿಣ್ವ. ಹುಟ್ಟಿನಿಂದಲೇ ಕೆಲವರಲ್ಲಿ ಇದು ಚುರುಕು, ಕೆಲವರಲ್ಲಿ ನಿಧಾನ. ಬೀಡಿ ಸಿಗರೇಟು ಸೇದುವವರಲ್ಲಿ ಇದು ತುಂಬ ಚುರುಕಾಗಿರುತ್ತದೆ, ಕೆಫೀನ್ ಬೇಗ ಖಾಲಿಯಾಗುತ್ತದೆ. ಅವರು ಸಿಗರೇಟು ಬಿಟ್ಟ ಕೂಡಲೇ ಅಷ್ಟೇ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ನಡುಕ, ಎದೆ ಬಡಿತ, ನಿದ್ದೆ ಇಲ್ಲ. ಸಿಗರೇಟು ಬಿಟ್ಟದ್ದಕ್ಕೇ ಹೀಗೆ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಸೇದುವುದನ್ನು ಬಿಡುವಾಗ ಕಾಫಿಯನ್ನೂ ಅರ್ಧಕ್ಕೆ ಇಳಿಸಬೇಕು ಅಂತ ಅವರಿಗೆ ಯಾರಾದರೂ ಹೇಳಿದರೆ ಒಳ್ಳೆಯದು. ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಇದಕ್ಕೆ ಉಲ್ಟಾ: ಕಿಣ್ವ ಮಂಕಾಗುತ್ತದೆ, ಕೆಫೀನ್ ಉಳಿಯುತ್ತದೆ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ನಿಲ್ಲುತ್ತದೆ. ತುಂಬು ಬಸುರಿಯಲ್ಲಿ ಅರ್ಧ ಖಾಲಿಯಾಗಲು 15 ಗಂಟೆಯೂ ಹಿಡಿಯಬಹುದು. ಅದು ಮಗುವಿಗೂ ದಾಟುತ್ತದೆ, ಮಗುವಿನ ಲಿವರ್‌ಗೆ ಅದನ್ನು ಒಡೆಯಲು ಇನ್ನೂ ಬರುವುದಿಲ್ಲ. ಗರ್ಭಿಣಿಯರಿಗೆ 200 ಮಿಲಿಗ್ರಾಂ ಮಿತಿ ಹಾಕಿರುವುದು ಸುಮ್ನೆ ಅಲ್ಲ. ಹಾಗಂತ ಕೆಫೀನ್ ಮಗುವಿಗೆ ವಿಷ ಅಂತಲೂ ಅಲ್ಲ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ಉಸಿರಾಡುವುದನ್ನೇ ಮರೆತು ನಿಲ್ಲಿಸಿಬಿಡುತ್ತವೆ. ಅದಕ್ಕೆ ನವಜಾತ ಶಿಶುಗಳ ಐಸಿಯುಗಳಲ್ಲಿ ಕೊಡುವ ಔಷಧಿ ಕೆಫೀನ್ ಸಿಟ್ರೇಟ್. 2006ರಲ್ಲಿ ಪ್ರಕಟವಾದ, ಸುಮಾರು 2000 ಶಿಶುಗಳ ದೊಡ್ಡ ಪರೀಕ್ಷೆಯಲ್ಲಿ ಕೆಫೀನ್ ಪಡೆದ ಕೂಸುಗಳಿಗೆ ಶ್ವಾಸಕೋಶದ ತೊಂದರೆ ಕಡಿಮೆ ಇತ್ತು. ಕೆಫೀನ್‌ನ ಹತ್ತಿರದ ಬಳಗದ, 1888ರಲ್ಲಿ ಚಹಾ ಎಲೆಯಲ್ಲಿ ಕಂಡುಹಿಡಿದ ಥಿಯೋಫಿಲಿನ್ ಅಸ್ತಮಾಗೆ ಔಷಧಿ. ಡಾಕ್ಟರು ಅಳೆದು ಕೊಟ್ಟದ್ದು ಬೇರೆ, ನಾವು ಲೋಟ ಲೆಕ್ಕವಿಲ್ಲದೆ ಕುಡಿಯುವುದು ಬೇರೆ.

ಏಕಾದಶಿ, ರಂಜಾನ್ ಉಪವಾಸದ ದಿನ ಹಲವರಿಗೆ ತಲೆ ಸಿಡಿಯುತ್ತದೆ. ಹಸಿವಿಗಿಂತ ಹೆಚ್ಚಾಗಿ ಇದಕ್ಕೆ ಕಾಫಿ, ಚಹಾ ಇಲ್ಲದ್ದೇ ಕಾರಣ ಇರಬಹುದು. ದಿನಾ ಕೆಫೀನ್ ಬಂದರೆ ಮಿದುಳು ಅಡೆನೊಸಿನ್ ಗ್ರಾಹಕಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕುಗ್ಗಿಸಿ ಇಟ್ಟಿರುತ್ತದೆ, ನಿಲ್ಲಿಸಿದಾಗ ಅವು ಹಿಗ್ಗುತ್ತವೆ. ಬಿಟ್ಟ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, ಒಂದು ವಾರದ ಆಸುಪಾಸಿನಲ್ಲಿ ಹೋಗುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರುವುದಕ್ಕೂ ರಕ್ತನಾಳಗಳ ಈ ಗುಣ ಒಂದು ಕಾರಣ. ಉಪವಾಸಕ್ಕೆ ಒಂದು ವಾರ ಮೊದಲಿಂದ ಲೋಟಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಚಹಾದ ಎಚ್ಚರ ಕಾಫಿಯ ಎಚ್ಚರಕ್ಕಿಂತ ಮೆತ್ತಗಿರುತ್ತದೆ ಅಂತ ಕುಡಿಯುವವರು ಹೇಳುತ್ತಾರೆ. ಕೆಫೀನ್ ಕಡಿಮೆ ಇರುವುದು ಒಂದು ಕಾರಣ. ಇನ್ನೊಂದು, ಥಿಯಾನಿನ್ ಎಂಬ ಅಮೈನೊ ಆಮ್ಲ. 1949ರಲ್ಲಿ ಜಪಾನಿನಲ್ಲಿ ಇದನ್ನು ಹಸಿರು ಚಹಾದಿಂದ ಬೇರ್ಪಡಿಸಿದರು. ಕೆಫೀನ್ ಜೊತೆ ಸೇರಿದಾಗ ಗಮನ ಹೆಚ್ಚುತ್ತದೆ, ಚಡಪಡಿಕೆ ಕಡಿಮೆಯಾಗುತ್ತದೆ ಅಂತ ಕೆಲವು ಸಣ್ಣ ಪರೀಕ್ಷೆಗಳು ತೋರಿಸಿವೆ. ಆದರೆ ಅವುಗಳಲ್ಲಿ ಕೊಟ್ಟ ಥಿಯಾನಿನ್ ಒಂದು ಲೋಟ ಚಹಾದಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಹಸಿರು ಚಹಾ ಪ್ಯಾಕೆಟ್‌ಗಳ ಮೇಲಿನ ದೊಡ್ಡ ದೊಡ್ಡ ಮಾತುಗಳನ್ನು ಹಾಗೇ ನಂಬಬೇಕಿಲ್ಲ.

ಮಾತ್ರೆ ನುಂಗುವವರಿಗೆ ಇನ್ನೊಂದು ವಿಷಯ. ನಮ್ಮಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ತುಂಬ. ಬೆಳಗ್ಗೆ ಎದ್ದು ಮಾತ್ರೆ ನುಂಗಿ, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಕಾಫಿ ಬೆರೆಸಿ ಕುಡಿಯುತ್ತಾರೆ. ಕಾಫಿ ಆ ಮಾತ್ರೆ ಕರುಳಿನಿಂದ ರಕ್ತಕ್ಕೆ ಹೋಗುವುದನ್ನು ತಡೆಯುತ್ತದೆ. ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಅಳೆಯುವ ಟಿಎಸ್‌ಎಚ್ ಇಳಿಯಲಿಲ್ಲ ಅಂತ ಮಾತ್ರೆಯ ಪ್ರಮಾಣ ಏರಿಸುತ್ತ ಹೋಗುವ ಬದಲು, ಮಾತ್ರೆಗೂ ಕಾಫಿಗೂ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ನೋಡಬೇಕು. ಬಿಪಿ ಅಳೆಸಿಕೊಳ್ಳುವ ಅರ್ಧ ಗಂಟೆ ಮೊದಲೂ ಕಾಫಿ ಬೇಡ. ಅಭ್ಯಾಸವಿಲ್ಲದವರಲ್ಲಿ ಅದು ಬಿಪಿಯನ್ನು ಸ್ವಲ್ಪ ಹೊತ್ತು ಐದು ಹತ್ತು ಅಂಕಿ ಏರಿಸಬಲ್ಲದು.

ಕಾಫಿ ಕುಡಿದರೇ ಬೆಳಗ್ಗೆ ಹೊಟ್ಟೆ ಸಲೀಸು ಅನ್ನುವವರ ಮಾತು ಸುಳ್ಳಲ್ಲ. 1990ರ ಒಂದು ಅಧ್ಯಯನದಲ್ಲಿ ಕಾಫಿ ಕುಡಿದ ನಾಲ್ಕು ನಿಮಿಷದಲ್ಲೇ ಕೆಲವರ ದೊಡ್ಡ ಕರುಳಿನ ಕೊನೆಯ ಭಾಗ ಚಲಿಸಲು ಶುರುವಾಗಿತ್ತು. ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೇ ಆಯಿತು, ಬರೀ ಬಿಸಿ ನೀರಿನಲ್ಲಿ ಆಗಲಿಲ್ಲ. ಕಾಫಿ ಹೊಟ್ಟೆಯ ಆಮ್ಲವನ್ನೂ ಹೆಚ್ಚಿಸುತ್ತದೆ. ಎದೆಯುರಿ ಇರುವವರಿಗೆ ಇದು ಅನುಭವದಿಂದಲೇ ಗೊತ್ತು.

ಕಾಫಿಯ ಎಣ್ಣೆಯದು ಇನ್ನೊಂದು ಕತೆ. ನಾರ್ವೆಯ ಉತ್ತರದ ಟ್ರೋಮ್ಸೊ ಊರಿನಲ್ಲಿ ಹೃದಯರೋಗದ ಮೇಲೆ ನಡೆದ ಅಧ್ಯಯನ 1983ರಲ್ಲಿ ಒಂದು ಅಚ್ಚರಿ ಹೇಳಿತು: ಕಾಫಿ ಜಾಸ್ತಿ ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ. ಬೇರೆ ದೇಶಗಳಲ್ಲಿ ಹಾಗೆ ಅಷ್ಟಾಗಿ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಮಾಡುವ ರೀತಿಯಲ್ಲಿ. ಅಲ್ಲಿ ಪುಡಿಯನ್ನು ನೀರಿನಲ್ಲೇ ಕುದಿಸಿ, ಚರಟ ಕೆಳಗೆ ಕೂತ ಮೇಲೆ ಹಾಗೇ ಬಗ್ಗಿಸಿಕೊಳ್ಳುತ್ತಿದ್ದರು. ಮುಂದೆ ಡಚ್ ಸಂಶೋಧಕರು ಅದಕ್ಕೆ ಕಾರಣ ಕೆಫೆಸ್ಟಾಲ್ ಮತ್ತು ಕಾವಿಯಾಲ್ ಅಂತ ತೋರಿಸಿದರು. ಕಾಗದದ ಫಿಲ್ಟರ್ ಇವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿನಲ್ಲಿ ಕಾಗದ ಇಲ್ಲ. ಆದರೂ ಒತ್ತಿ ಕೂರಿಸಿದ ಪುಡಿಯೇ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಲೆಸ್ಟ್ರಾಲ್ ಈಗಾಗಲೇ ಹೆಚ್ಚಿದ್ದು, ಪುಡಿ ಕುದಿಸಿ ಮಾಡಿದ ಕಾಫಿಯನ್ನೇ ದಿನಕ್ಕೆ ನಾಲ್ಕೈದು ಸಲ ಕುಡಿಯುವವರು ಮಾಡುವ ರೀತಿ ಬದಲಿಸುವುದು ಮೇಲು. ಉಳಿದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕ್ಯಾನ್ಸರ್ ಭಯವೂ ಬಹಳ ಜನಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯನ್ನು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಆ ಪಟ್ಟಿಯಿಂದ ತೆಗೆಯಿತು. ಅದೇ ವರ್ಷ ಅದು ಹೇಳಿದ ಇನ್ನೊಂದು ಮಾತಿಗೆ ಬೇಕಾದಷ್ಟು ಗಮನ ಸಿಗಲಿಲ್ಲ: 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವಾದರೂ ಅನ್ನನಾಳದ ಕ್ಯಾನ್ಸರ್ ತರುವ ಸಾಧ್ಯತೆ ಇದೆ. ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಐವತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, 60 ಡಿಗ್ರಿ ಅಥವಾ ಅದಕ್ಕೂ ಬಿಸಿಯಾದ ಚಹಾವನ್ನು ದಿನಕ್ಕೆ 700 ಮಿಲಿ ಲೀಟರಿನಷ್ಟು ಕುಡಿಯುವವರಲ್ಲಿ ಈ ಕ್ಯಾನ್ಸರ್ ಅಪಾಯ ಶೇ. 90ರಷ್ಟು ಜಾಸ್ತಿ ಇತ್ತು. ಇಲ್ಲಿ ದೋಷ ಕಾಫಿ, ಚಹಾದ್ದಲ್ಲ, ಬಿಸಿಯದು. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸಿ ಕುಡಿಯುವ ನಮ್ಮ ಹಳೇ ರೂಢಿ ಈ ವಿಷಯದಲ್ಲಿ ತುಂಬ ಒಳ್ಳೆಯದು. ಪೇಪರ್ ಕಪ್ ಬಂದ ಮೇಲೆ ಆರಿಸಲು ಬಟ್ಟಲೇ ಇಲ್ಲವಾಗಿದೆ.

ಒಳ್ಳೆಯ ಸುದ್ದಿಯೂ ಇದೆ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗಿ ಹಾಳಾಗುವ ಸಿರೋಸಿಸ್ ಕಾಯಿಲೆ ಕಡಿಮೆ ಅಂತ ಕ್ಯಾಲಿಫೋರ್ನಿಯಾದಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಂತರ ಬಂದ ಅಧ್ಯಯನಗಳೂ ಅದನ್ನೇ ಹೇಳಿವೆ. ನೆದರ್ಲ್ಯಾಂಡ್ಸ್‌ನಲ್ಲಿ 17 ಸಾವಿರ ಜನರನ್ನು ಗಮನಿಸಿದ 2002ರ ಅಧ್ಯಯನದಿಂದ ಮೊದಲುಗೊಂಡು, ಟೈಪ್ 2 ಸಕ್ಕರೆ ಕಾಯಿಲೆಯೂ ಕಾಫಿ ಕುಡಿಯುವವರಲ್ಲಿ ಕಡಿಮೆ ಕಂಡಿದೆ. ಕೆಫೀನ್ ತೆಗೆದ ಕಾಫಿಯಲ್ಲೂ ಈ ನಂಟು ಕಾಣುವುದರಿಂದ ಕ್ಲೋರೊಜೆನಿಕ್ ಆಮ್ಲಗಳ ಮೇಲೆ ವಿಜ್ಞಾನಿಗಳ ಕಣ್ಣಿದೆ. ಆದರೆ ಇವೆಲ್ಲ ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿ ನೋಡಿದ ಲೆಕ್ಕ. ನಂಟು ಇದೆ ಅಂದ ಮಾತ್ರಕ್ಕೆ ಕಾಫಿಯಿಂದಲೇ ಹೀಗಾಯಿತು ಅನ್ನಲಾಗದು. ಜೊತೆಗೆ ಆ ದೇಶಗಳಲ್ಲಿ ಬಹಳ ಜನ ಸಕ್ಕರೆ ಹಾಕದ ಕಾಫಿ ಕುಡಿಯುತ್ತಾರೆ. ನಮ್ಮಲ್ಲಿ ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಎಂಟು ಹತ್ತು ಗ್ರಾಂ. ನಾಲ್ಕು ಲೋಟಕ್ಕೆ ನಲವತ್ತು ಗ್ರಾಂವರೆಗೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಮೇಲು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಕ್ಕರೆ ಕಾಯಿಲೆಗೆ ಕಾಫಿ ಒಳ್ಳೆಯದಂತೆ ಅಂತ ಹೇಳಿಕೊಂಡು ಎರಡು ಚಮಚ ಹಾಕಿ ಕುಡಿಯುವುದರಲ್ಲಿ ಅರ್ಥವಿಲ್ಲ.

ಇನ್ನು ಆಗಬೇಕಾದ ಕೆಲಸದ ಬಗ್ಗೆ. ಎನರ್ಜಿ ಡ್ರಿಂಕ್‌ಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಒಳಗೆ ಕೆಫೀನ್ ಇರಬೇಕು, ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ತಕ್ಕದ್ದಲ್ಲ ಅಂತ ಡಬ್ಬಿಯ ಮೇಲೆ ಬರೆದಿರಬೇಕು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ಕಾಫಿ ಪುಡಿಯ ಪ್ಯಾಕೆಟ್ ಮೇಲೆ ಚಿಕೋರಿ ಶೇಕಡಾ ಎಷ್ಟು ಅಂತ ಇರುತ್ತದೆ, ಒಂದು ಲೋಟಕ್ಕೆ ಕೆಫೀನ್ ಎಷ್ಟು ಬರುತ್ತದೆ ಅಂತ ಸಾಮಾನ್ಯವಾಗಿ ಇರುವುದಿಲ್ಲ. 300 ಮಿಲಿಗ್ರಾಂ ಮೀರಬೇಡಿ ಅಂತ ಹೇಳಿದ ಮೇಲೆ ಎಣಿಸಲು ಅಂಕಿಯನ್ನೂ ಕೊಡಬೇಕಲ್ಲವೇ?

ಅದಕ್ಕಿಂತ ಸುಲಭದ, ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಗರ್ಭಿಣಿಯರಿಗೆ ಸರ್ಕಾರ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತದೆ. ಕೆಂಪು ಬಣ್ಣದ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಅದನ್ನು ಕಷ್ಟಪಟ್ಟು ಮನೆಬಾಗಿಲಿಗೆ ತಲುಪಿಸುವವರು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು. ಅಷ್ಟೆಲ್ಲ ಆಗಿ ಆ ಮಾತ್ರೆ ಚಹಾದ ಜೊತೆ ಗಂಟಲಿಗೆ ಇಳಿದರೆ ಅದರಲ್ಲಿ ದೊಡ್ಡ ಪಾಲು ಸುಮ್ನೆ ಹೊರಗೆ ಹೋಗುತ್ತದೆ. ಆ ಸ್ಟ್ರಿಪ್ ಹಿಂದೆ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಎರಡು ಸಾಲು ಅಚ್ಚಾಗಲಿ: ಇದನ್ನು ಕಾಫಿ, ಚಹಾ, ಹಾಲಿನ ಜೊತೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ. ನಿಂಬೆ ನೀರಿನ ಜೊತೆ ನುಂಗಿ. ಓದಲು ಬಾರದವರಿಗೆ ಒಂದು ಲೋಟದ ಚಿತ್ರ, ಅದರ ಮೇಲೊಂದು ಗೀಟು.